ಅಜ್ಜಿಯ ವರ್ಷದ ಪೂಜೆಗೆ ನಾಲ್ಕು ಮಾತು ಬರೆಯಬೇಕು, ನಿಮ್ಮಲ್ಲಿ ಯಾರಾದರೂ ಬರೆದಿದ್ದೀರಾ?

ಕಾರ್ಕಳದವಳು

ಎಲ್ಲರಿಗೂ ನಮಸ್ಕಾರ. ಬರುವ ತಿಂಗಳು ನಮ್ಮ ಅಜ್ಜಿಯ, ಅಂದರೆ ಅಪ್ಪನ ಅಮ್ಮನ, ವರ್ಷದ ಪೂಜೆ; ತೀರಿಕೊಂಡು ವರ್ಷವಾದಾಗ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಮಾಡಿಸುವುದು. ಪೂಜೆ ಮುಗಿಯುವಾಗ ಮನೆಯವರ ಪರವಾಗಿ ಒಬ್ಬರು ಮಾತಾಡಬೇಕು. ಆ ಕೆಲಸ ನನ್ನ ತಲೆಗೆ ಬಂದಿದೆ. ಮುಂಬೈಯಲ್ಲಿರುವ ಚಿಕ್ಕಪ್ಪ ಆಗಲೇ ಒಂದು ಪುಟ ಬರೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದಾರೆ. "ಸೌಮ್ಯ ಸ್ವಭಾವದವಳು, ದೈವಭಕ್ತೆ, ಕುಟುಂಬಕ್ಕಾಗಿ ಬಾಳನ್ನೇ ಮುಡಿಪಾಗಿಟ್ಟವಳು..." ಹೀಗೇ ಕೊನೆತನಕ ಹೋಗುತ್ತದೆ. ಓದಿದರೆ ಯಾರ ಅಜ್ಜಿ ಅಂತಲೇ ಗೊತ್ತಾಗುವುದಿಲ್ಲ. ಹೆಸರು ಬದಲಿಸಿದರೆ ನಮ್ಮ ಇಗರ್ಜಿಯ ಯಾವ ಗೋರಿಗೂ ಸರಿಹೋಗುತ್ತದೆ. ಮೇಲಾಗಿ ಅಜ್ಜಿ ಸೌಮ್ಯ ಏನೂ ಆಗಿರಲಿಲ್ಲ. ಕೋಳಿ ತರಕಾರಿ ಸಾಲಿಗೆ ನುಗ್ಗಿದರೆ ಅವಳು ಹಾಕುವ ಬೊಬ್ಬೆ ಗದ್ದೆಯ ಆಚೆ ಬದಿಗೂ ಕೇಳುತ್ತಿತ್ತು.

ನನಗೆ ಗೊತ್ತಿರುವುದು ಇಷ್ಟು. ಮದುವೆಯಾಗಿ ಬಂದದ್ದು ಗೇಣಿ ಗದ್ದೆಯ ಮನೆಗೆ. ಅಜ್ಜ ಬೊಂಬಾಯಿಯ ಹೋಟೆಲಲ್ಲಿ ಕೆಲಸಕ್ಕಿದ್ದರು, ವರ್ಷಕ್ಕೊಮ್ಮೆ ಊರಿಗೆ ಬರುವುದು. ಮನಿಯಾರ್ಡರ್ ಬಂದ ತಿಂಗಳು ಬಂತು, ಇಲ್ಲದ ತಿಂಗಳು ಇಲ್ಲ. ಏಳು ಮಕ್ಕಳು, ಹಟ್ಟಿಯಲ್ಲಿ ದನ, ಉಳಿದ ಹೊತ್ತಿಗೆ ಬೀಡಿ. ತಡ್ಪೆಯನ್ನು (ಮೊರವನ್ನು) ತೊಡೆ ಮೇಲೆ ಇಟ್ಟುಕೊಂಡು ಎಲೆ ಕತ್ತರಿಸಿ, ಪುಡಿ ತುಂಬಿ, ಸುರುಟಿ, ನೂಲು ಕಟ್ಟುವುದು. ಸಂಜೆ ಏಳಕ್ಕೆ ತೆರ್ಸ್, ಅಂದರೆ ಜಪಮಾಲೆ. ಬೀಡಿ ಕಟ್ಟುತ್ತಲೇ ಅವಳು ತೆರ್ಸ್ ನಡೆಸುತ್ತಿದ್ದಳು. ಮಣಿ ಹಿಡಿಯಲು ಕೈ ಖಾಲಿ ಇಲ್ಲ, ಹಾಗಾಗಿ ಹತ್ತು ಬೀಡಿ ಆದರೆ ಹತ್ತು ನಮಾನ್ ಮರಿಯೆ (ಮರಿಯಮ್ಮನ ಪ್ರಾರ್ಥನೆ) ಆಯಿತು ಅಂತ ಲೆಕ್ಕ ಇಡುತ್ತಿದ್ದಳು ಅಂತ ಅಪ್ಪ ಹೇಳುತ್ತಾರೆ. ಅಪ್ಪ ಸ್ವಲ್ಪ ಮಸಾಲೆ ಸೇರಿಸುವವರೇ, ಆದರೂ ಇದು ನಂಬುವ ಹಾಗಿದೆ. ಮುಗಿದ ಕೂಡಲೇ ಮಕ್ಕಳೆಲ್ಲ ಸಾಲಾಗಿ ಬಂದು ಬೆಸಾಂವ್, ಅಂದರೆ ಆಶೀರ್ವಾದ, ಕೇಳಬೇಕು. ಕೇಳದವನಿಗೆ ಊಟ ತಡ.

ಇಗರ್ಜಿಯಲ್ಲಿ ಅವಳ ಕೆಲಸ ಆಲ್ತಾರಿನ (ಪೂಜೆಯ ವೇದಿಕೆಯ) ಬಟ್ಟೆ ಒಗೆಯುವುದು. ಇದು ಮನೆ ಬಟ್ಟೆ ಒಗೆದ ಹಾಗಲ್ಲ. ಪೂಜೆಯ ಬಟ್ಟಲು ಒರೆಸಿದ ಬಟ್ಟೆಯನ್ನು ಮೊದಲು ಬೇರೆ ನೀರಲ್ಲಿ ಅದ್ದಿ ತೆಗೆಯಬೇಕು. ಆ ನೀರು ಚರಂಡಿಗೆ ಹೋಗಬಾರದು, ಮಣ್ಣಿಗೇ ಹೋಗಬೇಕು. ಅಜ್ಜಿ ಅದನ್ನು ಇಗರ್ಜಿ ಹಿಂದಿನ ಮಲ್ಲಿಗೆ ಬುಡಕ್ಕೆ ಹೊಯ್ಯುತ್ತಿದ್ದಳು. ಆಮೇಲೆ ಒಗೆದು, ಗಂಜಿ ತಿಳಿಯಲ್ಲಿ ಅದ್ದಿ ಒಣಗಿಸಿ, ಚಿರಟೆ (ತೆಂಗಿನ ಕರಟ) ಕೆಂಡದ ಇಸ್ತ್ರಿ ಪೆಟ್ಟಿಗೆ ಹಾಕುವುದು. ಕರೆಂಟಿನ ಇಸ್ತ್ರಿ ಬಂದ ಮೇಲೂ ಅದೇ ಪೆಟ್ಟಿಗೆ. ಸಂಬಳ ಅಂತ ಏನೂ ಇಲ್ಲ, ಕ್ರಿಸ್ಮಸ್‌ಗೆ ಒಂದು ಕೇಕ್ ಬರುತ್ತಿತ್ತು.

ದೊಡ್ಡಪ್ಪನ ಮಗಳು ಹೇಳುತ್ತಾಳೆ, "ಇದನ್ನೆಲ್ಲ ಹೊಗಳಬೇಡ, ಇದು ಬಿಟ್ಟಿ ದುಡಿಮೆ" ಅಂತ. ನನಗೆ ಅರ್ಧ ಸರಿ ಅನಿಸುತ್ತದೆ, ಅರ್ಧ ಇಲ್ಲ. ನೀವಾದರೆ ಏನು ಬರೆಯುತ್ತಿದ್ದಿರಿ?

ಉಡುಪಿ ಹಾರ್ಮೋನಿಯಂ

ಅಕ್ಕ, ನೀವು ಈಗ ಇಲ್ಲಿ ಬರೆದಿದ್ದೀರಲ್ಲ, ಅದನ್ನೇ ಓದಿ. ಚಿಕ್ಕಪ್ಪನ ಪುಟ ಪಕ್ಕಕ್ಕಿಡಿ.

ನಾವು ಸಿಎಸ್‌ಐನವರು, ಅಂದರೆ ಪ್ರೊಟೆಸ್ಟಂಟರು, ಸ್ವಿಟ್ಜರ್ಲೆಂಡಿನಿಂದ ಬಂದ ಹಳೆ ಬಾಸೆಲ್ ಮಿಷನ್ ಮನೆತನ. ನಮ್ಮ ಅಜ್ಜಿಯ ಅಪ್ಪ ಹಂಚಿನ ಕಾರ್ಖಾನೆಯಲ್ಲಿದ್ದರು. ಬಾಸೆಲ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಹೊಸದಾಗಿ ಕ್ರೈಸ್ತರಾದವರಿಗೆ ಮನೆಯೂ ಹೋಯಿತು, ಕುಲಕಸುಬೂ ಹೋಯಿತು. ಹೊಟ್ಟೆಗೆ ದಾರಿ ಬೇಕು ಅಂತಲೇ ಮಗ್ಗ, ಮುದ್ರಣ, 1865ರಲ್ಲಿ ಹಂಚು ಶುರುವಾದದ್ದು. ಜೊತೆಗೆ ಹುಡುಗಿಯರ ಶಾಲೆ. ಹಾಗಾಗಿ ನಮ್ಮ ಅಜ್ಜಿಗೆ ಓದು ಬರುತ್ತಿತ್ತು, ಅವಳ ವಯಸ್ಸಿನ ಅಕ್ಕಪಕ್ಕದ ಹೆಂಗಸರಲ್ಲಿ ಸುಮಾರು ಜನರಿಗೆ ಬರುತ್ತಿರಲಿಲ್ಲ. ಊರಿನವರ ಕಾಗದ ಓದಿ ಹೇಳುವುದು, ಉತ್ತರ ಬರೆದು ಕೊಡುವುದು ಎಲ್ಲ ಅವಳೇ. ಯಾರ ಮನೆಯ ಗುಟ್ಟೂ ಅವಳಿಗೆ ಗೊತ್ತಿತ್ತು, ಒಂದೂ ಹೊರಗೆ ಬರಲಿಲ್ಲ.

ಸಂಡೇ ಸ್ಕೂಲಲ್ಲಿ ನಮ್ಮ ಅಪ್ಪನಿಗೂ ಅವಳೇ ಟೀಚರ್, ನನಗೂ ಅವಳೇ. ಬೈಬಲ್ ವಾಕ್ಯ ಬಾಯಿಪಾಠ ಹೇಳದಿದ್ದರೆ ಮೊಮ್ಮಗ ಅಂತ ಬಿಡುತ್ತಿರಲಿಲ್ಲ. ಹಾರ್ಮೋನಿಯಂ ಕಲಿಸಿದ್ದೂ ಅವಳೇ. ಬೆಳೆಹಬ್ಬದ ದಿನ ಹಲಸಿನಕಾಯಿ, ಕೋಳಿ, ಸೀಯಾಳ ಎಲ್ಲ ಏಲಂಗೆ ಬರುತ್ತದಲ್ಲ, ಅವಳು ತನ್ನದೇ ಕೋಳಿ ತಂದುಕೊಟ್ಟು, ಬೇರೆಯವರು ಕಡಿಮೆಗೆ ಕೂಗಿದರೆ ಸಿಟ್ಟಾಗಿ ತಾನೇ ಜಾಸ್ತಿಗೆ ಕೂಗಿ ವಾಪಸ್ ತರುತ್ತಿದ್ದಳು. ಒಂದೇ ಹುಂಜ ಎಷ್ಟು ವರ್ಷ ಏಲಂ ಆಯಿತೋ!

ಒಂದು ಕೆಲಸ ಮಾಡಿ. ಇಗರ್ಜಿಯ ಬ್ಯಾಪ್ಟಿಸಂ ರಿಜಿಸ್ಟರ್ ನೋಡಲು ಕೇಳಿ. ಅದರಲ್ಲಿ ಮದ್ರಿನ್, ಅಂದರೆ ಮಗುವಿನ ಧರ್ಮಮಾತೆಯ, ಹೆಸರು ಇರುತ್ತದೆ. ಎಷ್ಟು ಮಕ್ಕಳಿಗೆ ನಿಮ್ಮ ಅಜ್ಜಿ ಮದ್ರಿನ್ ಆಗಿದ್ದಳು ಅಂತ ಸಿಕ್ಕಿದರೆ ಅದು ಮಾತಾಡುತ್ತದೆ.

ನೇರಮಾತು

ಬೇಜಾರು ಮಾಡ್ಕೋಬೇಡಿ, ನಾನು ನಿಮ್ಮ ದೊಡ್ಡಪ್ಪನ ಮಗಳ ಪಕ್ಷ. ನಮ್ಮ ಮನೆಯಲ್ಲೂ ಇಂಥದೇ ಅಜ್ಜಿ. ಗುರ್ಕಾರ್, ಅಂದರೆ ವಾಡೆಯ ಮುಖಂಡ, ಗಂಡಸು. ಇಗರ್ಜಿಯ ಪಾಲನಾ ಮಂಡಳಿಯಲ್ಲಿ ಬಹಳ ಕಾಲ ಗಂಡಸರೇ. ಸಾಂತ್‌ಮಾರಿಗೆ, ಅಂದರೆ ಇಗರ್ಜಿಯ ವರ್ಷದ ಹಬ್ಬಕ್ಕೆ, ವೇದಿಕೆ ಮೇಲೆ ಶಾಲು ಹೊದೆಸಿಕೊಳ್ಳುವವರು ಗಂಡಸರು, ಕೆಳಗೆ ಕುರ್ಚಿ ಒರೆಸುವವರು ಹೆಂಗಸರು. ಈಸ್ಟರ್ ಮುಂಚಿನ ಗುರುವಾರ ಹನ್ನೆರಡು ಜನರ ಕಾಲು ತೊಳೆಯುತ್ತಾರಲ್ಲ, ಅದರಲ್ಲಿ ಹೆಂಗಸರೂ ಕೂರಬಹುದು ಅಂತ ರೋಮಿನಿಂದ ಅಪ್ಪಣೆ ಬಂದದ್ದು 2016ರಲ್ಲಿ! ಹೆಣ್ಣುಮಕ್ಕಳು ಆಲ್ತಾರಲ್ಲಿ ಸೇವೆ ಮಾಡಬಹುದು ಅಂತ ಬಂದದ್ದು 1994ರಲ್ಲಿ. ಆ ಬಟ್ಟೆಯನ್ನು ಜೀವಮಾನ ಪೂರ್ತಿ ಒಗೆದವಳು, ಅದು ಹಾಸಿರುವ ಕಡೆ ನಿಲ್ಲುವ ಹಾಗಿರಲಿಲ್ಲ. ಇದನ್ನು ಭಕ್ತಿ ಅಂತ ಸುಮ್ನೆ ಹೊಗಳಿ ಮುಗಿಸಿದರೆ ಮುಂದಿನ ತಲೆಮಾರಿನ ಹುಡುಗಿಯರ ಕೈಗೂ ಅದೇ ಬಕೆಟ್ ಬರುತ್ತದೆ.

ನಿಟ್ಟೆ ಕಡೆಯವ

ನಾನು ಕ್ರೈಸ್ತ ಅಲ್ಲ, ಆದರೂ ನಡುವೆ ಬಾಯಿ ಹಾಕುತ್ತೇನೆ. ನಮ್ಮ ಪಕ್ಕದ ಮನೆಯ ಬಾಯಿ (ಕ್ರೈಸ್ತ ಹೆಂಗಸರನ್ನು ನಾವು ಕರೆಯುವುದು ಹಾಗೆ) ತೀರಿಕೊಂಡು ಕೆಲವು ವರ್ಷ ಆಯಿತು. ನಾನು ಹುಟ್ಟಿದ ರಾತ್ರಿ ಮಳೆ, ಹೊಳೆ ತುಂಬಿತ್ತು, ಆಸ್ಪತ್ರೆಗೆ ದಾರಿ ಇಲ್ಲ. ನನ್ನನ್ನು ಮೊದಲು ಎತ್ತಿಕೊಂಡದ್ದು ಆ ಬಾಯಿ. ಅಮ್ಮನಿಗೆ ಬಾಣಂತನದ ಮದ್ದು, ಎಣ್ಣೆ, ಸ್ನಾನ ಎಲ್ಲ ಅವರೇ ನೋಡಿಕೊಂಡರಂತೆ. ಸೆಪ್ಟೆಂಬರ್ 8ಕ್ಕೆ ಅವರ ಮೊಂತಿ ಹಬ್ಬ, ಮರಿಯಮ್ಮನ ಹುಟ್ಟುಹಬ್ಬ. ಆಶೀರ್ವಾದ ಆದ ಹೊಸ ತೆನೆಯ ಭತ್ತ ಸುಲಿದು ಹಾಲಿಗೆ ಹಾಕಿ ಮನೆಮಂದಿಗೆಲ್ಲ ಕೊಡುತ್ತಾರೆ. ಬಾಳೆಎಲೆಯಲ್ಲಿ ಊಟ, ಆ ದಿನ ಮೀನು ಮಾಂಸ ಇಲ್ಲ. ನಮಗೂ ಅದೇ ಸಮಯಕ್ಕೆ ಕುರಲ್ (ತೆನೆ) ಕಟ್ಟುವುದು, ಹೊಸ ಅಕ್ಕಿ ಊಟ. ಹಾಗಾಗಿ ನಮ್ಮ ಅಜ್ಜಿಗೂ ಬಾಯಿಗೂ ಯಾರ ಗದ್ದೆಯ ತೆನೆ ಮೊದಲು ಬಲಿಯುತ್ತದೆ ಅಂತ ಪ್ರತಿ ವರ್ಷ ಪಂಥ. ಅತ್ತೂರು ಇಗರ್ಜಿಯ ಜಾತ್ರೆಗೆ ಇಬ್ಬರೂ ಒಟ್ಟಿಗೆ ಹೋಗಿ ಮೊಂಬತ್ತಿ ಹಚ್ಚಿ ಬರುತ್ತಿದ್ದರು. ಬಾಯಿ ಹೋದಾಗ ನಮ್ಮ ಅಜ್ಜಿ ಮೂರು ದಿನ ನೆಟ್ಟಗೆ ಊಟ ಮಾಡಲಿಲ್ಲ.

ನೇರಮಾತು ಅವರು ಹೇಳಿದ್ದು ಸುಳ್ಳಲ್ಲ. ಆದರೆ ಬಾಯಿ ಮಾಡಿದ್ದು ಬರೀ ಇಗರ್ಜಿಯ ಕೆಲಸ ಅಲ್ಲ ಅಲ್ವಾ. ಊರಲ್ಲಿ ಯಾರಾದರೂ ಸತ್ತರೆ ಮೈ ತೊಳೆಸಿ ಬಟ್ಟೆ ತೊಡಿಸಲು ಮೊದಲು ಕರೆಯುತ್ತಿದ್ದದ್ದು ಅವರನ್ನೇ. ಅದನ್ನು ಮಾಡಿ ಅಂತ ಯಾವ ಪಾದ್ರಿಯೂ ಹೇಳಿರಲಿಲ್ಲ.

ಬೆಟಗೇರಿ ಮಗ್ಗ

ನೇರಮಾತು ಅಕ್ಕಾರ, ನಮ್ಮ ಕಡೆದೂ ಒಂದು ಕೇಳ್ರಿ. ಗದಗ-ಬೆಟಗೇರಿ. ನಮ್ಮಮ್ಮನ ತಾಯಿಗೆ ಇಪ್ಪತ್ತರ ಆಸುಪಾಸಿಗೇ ಗಂಡ ತೀರಿಕೊಂಡ. ಎರಡು ಕೂಸು. ಮಿಷನ್‌ನವರು ಬೈಬಲ್ ಸ್ತ್ರೀ ಅಂತ ಕೆಲಸಕ್ಕೆ ಇಟ್ಟುಕೊಂಡರು. ಮನೆ ಮನೆಗೆ ಹೋಗಿ ಹೆಂಗಸರಿಗೆ ಸತ್ಯವೇದ ಓದಿ ಹೇಳುವುದು, ಅಕ್ಷರ ಕಲಿಸುವುದು, ಕೂಸಿಗೆ ಜ್ವರ ಬಂದಿದ್ದರೆ ಜರ್ಮನ್ ದವಾಖಾನೆಗೆ ಕರೆದುಕೊಂಡು ಹೋಗುವುದು. ಪಗಾರ ಸಣ್ಣದು, ಆದರೆ ಆಕೆದೇ ಪಗಾರ. ವಿಧವೆ ಹೆಣ್ಣುಮಗಳು ಕೈಯಲ್ಲಿ ಚೀಲ ಹಿಡಿದು ತಲೆ ಎತ್ತಿ ಓಣಿಯಲ್ಲಿ ನಡೆದು ಹೋಗುವುದು ಆಗಿನ ಕಾಲಕ್ಕೆ ಸಣ್ಣ ಮಾತಲ್ಲ. ಚರ್ಚು ಆಕೆಯನ್ನು ದುಡಿಸಿಕೊಂಡಿತು, ಖರೆ. ಚರ್ಚಿಲ್ಲದಿದ್ದರೆ ಆಕೆ ಬಾಗಿಲು ಹಾಕಿಕೊಂಡು ಒಳಗೇ ಕೂತಿರಬೇಕಾಗಿತ್ತು, ಅದೂ ಖರೆ.

ರೊಟ್ಟಿ ಬಡಿಯುವ ಮುಂಚೆ ಒಂದು ಹಿಡಿ ಹಿಟ್ಟು ಬೇರೆ ಡಬ್ಬಿಗೆ ಹಾಕುತ್ತಿದ್ದಳು, ಭಾನುವಾರ ಆರಾಧನೆಗೆ ಒಯ್ಯಲಿಕ್ಕೆ. ಮನೆಯಲ್ಲಿ ಹಿಟ್ಟು ಕಡಿಮೆ ಇದ್ದಾಗಲೂ. ನಮ್ಮ ಮಾಮಾ ಅದನ್ನು ನೆನೆಸಿ ಇವತ್ತಿಗೂ ಸಿಟ್ಟಾಗುತ್ತಾನೆ, "ನಮ್ಮ ಹೊಟ್ಟೆದು ತೆಗೆದು ಕೊಟ್ಟಳು" ಅಂತ. ನಮ್ಮವ್ವ ಅದನ್ನೇ ಹೆಮ್ಮೆಯಿಂದ ಹೇಳುತ್ತಾಳೆ. ಒಂದೇ ಹಿಟ್ಟು, ಒಂದೇ ತಾಯಿ, ಮಕ್ಕಳಿಬ್ಬರದು ಎರಡು ನೆನಪು.

ಕಾರ್ಕಳದವಳು

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಕಾಲು ತೊಳೆಯುವ ವಿಷಯ ಬಂತಲ್ಲ, ನಮ್ಮ ಅಜ್ಜಿಯನ್ನು ನಿಜವಾಗಿ ಕರೆದಿದ್ದರು, ಆ ಅಪ್ಪಣೆ ಬಂದ ಮೇಲೆ. ಅಜ್ಜಿ ಒಪ್ಪಲಿಲ್ಲ. "ನನ್ನ ಹಿಮ್ಮಡಿ ಒಡೆದು ಗದ್ದೆ ಬಿರುಕು ಬಿಟ್ಟ ಹಾಗಿದೆ, ಫಾದರ್ ಕೈಗೆ ಗೀರುತ್ತದೆ" ಅಂದಳು. ಆಮೇಲೆ ಮನೆಯಲ್ಲಿ ಅಮ್ಮನ ಹತ್ತಿರ ಬೇರೆ ಹೇಳಿದಳು, "ಮೂವತ್ತು ವರ್ಷ ಮೊದಲು ಕರೆದಿದ್ದರೆ ಹೋಗುತ್ತಿದ್ದೆ" ಅಂತ. ಇದು ನಿನ್ನೆ ಅಮ್ಮ ಹೇಳಿದ್ದು, ನನಗೆ ಗೊತ್ತೇ ಇರಲಿಲ್ಲ.

ಅವಳ ಪ್ರಾರ್ಥನೆಯ ವಿಷಯವೂ ಹೇಳಬೇಕು. ಹುಡುಗಿಯಾಗಿದ್ದಾಗ ಪೂಜೆ ಎಲ್ಲ ಲ್ಯಾಟಿನ್. ಪಾದ್ರಿ ಜನರಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಅರ್ಥ ಗೊತ್ತಿಲ್ಲದೆ ಕಿವಿಯಲ್ಲಿ ಕೇಳಿ ಕಲಿತದ್ದು. ಪೂಜೆಯ ರೀತಿ ಬದಲಿಸಿದ ರೋಮಿನ ವ್ಯಾಟಿಕನ್ ಸಭೆ 1965ಕ್ಕೆ ಮುಗಿಯಿತಲ್ಲ, ಆ ಹೊತ್ತಿಗೆ ಕೊಂಕಣಿ ಬಂತು, ಪಾದ್ರಿ ಈ ಕಡೆ ತಿರುಗಿದರು. ಎಲ್ಲರಿಗೂ ಖುಷಿ, ಅಜ್ಜಿಗೆ ಸಿಟ್ಟು. "ಈಗ ಎಲ್ಲ ಅರ್ಥ ಆಗುತ್ತದೆ, ಪಾದ್ರಿ ತಪ್ಪು ಹೇಳಿದರೂ ಗೊತ್ತಾಗುತ್ತದೆ" ಅನ್ನುತ್ತಿದ್ದಳಂತೆ. ಕೊನೆಯ ದಿನಗಳಲ್ಲಿ ಮಕ್ಕಳ ಹೆಸರು ಮರೆತಳು, ಲ್ಯಾಟಿನ್ ಮರೆಯಲಿಲ್ಲ.

ಗಲ್ಫ್ ಮಾಮ

ನಾನು ಕುವೈತಲ್ಲಿ ಕೂತು ಓದುತ್ತಿದ್ದೇನೆ. ಮಗಳೇ, ಅಜ್ಜನ ಮನಿಯಾರ್ಡರ್ ಚೀಟಿ ಏನಾದರೂ ಉಳಿದಿದೆಯಾ ನೋಡು. ಫಾರ್ಮಿನ ತುದಿಯಲ್ಲಿ ಎರಡು ಸಾಲು ಬರೆಯಲು ಜಾಗ ಇರುತ್ತಿತ್ತು. ಪೋಸ್ಟ್‌ಮನ್ ಅದನ್ನು ಹರಿದು ಕೊಡುತ್ತಿದ್ದ. ನಮ್ಮ ಅಮ್ಮ ಅದನ್ನೆಲ್ಲ ಪ್ರಾರ್ಥನೆ ಪುಸ್ತಕದ ಒಳಗೆ ಇಡುತ್ತಿದ್ದಳು. ದುಡ್ಡು ಕಳಿಸಿದವರ ಕತೆ ಎಲ್ಲರೂ ಹೇಳುತ್ತಾರೆ, ಬೊಂಬಾಯಿಗೆ ಹೋದ, ಗಲ್ಫಿಗೆ ಹೋದ, ಕಷ್ಟಪಟ್ಟ ಅಂತ. ನಮ್ಮನ್ನು ಸ್ಟೇಜಿಗೆ ಕರೆದು ಸನ್ಮಾನ ಮಾಡುತ್ತಾರೆ. ಆ ದುಡ್ಡಲ್ಲಿ ಗೊಬ್ಬರಕ್ಕೆಷ್ಟು, ಫೀಸಿಗೆಷ್ಟು, ಇಗರ್ಜಿಗೆಷ್ಟು ಅಂತ ಹಂಚಿದ ಹೆಂಗಸರ ಕತೆ ಯಾರೂ ಹೇಳುವುದಿಲ್ಲ.

ಶಿವಾಜಿನಗರ

ನಮ್ಮದು ಬೆಂಗಳೂರು ಕಡೆಯ ಹಳ್ಳಿ, ಕನ್ನಡ ಮಾತಾಡುವ ಕ್ಯಾಥೊಲಿಕ್ ಮನೆ. ಆಗಸ್ಟ್ 29ಕ್ಕೆ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಬಾವುಟ ಏರಿತು ಅಂದರೆ ನಮ್ಮಜ್ಜಿ ಕಾವಿ ಬಣ್ಣದ ಸೀರೆ ಉಟ್ಟಳು ಅಂತಲೇ, ಸೆಪ್ಟೆಂಬರ್ 8ರ ತನಕ. ನನ್ನ ಅಮ್ಮ ಹುಟ್ಟಿದ್ದಕ್ಕೆ ಹೊತ್ತ ಹರಕೆ ಅದು. ಅಮ್ಮನಿಗೆ ಮೊಮ್ಮಕ್ಕಳಾದ ಮೇಲೂ ಬಿಡಲಿಲ್ಲ. "ತೀರಿತಲ್ಲ ಅಜ್ಜಿ" ಅಂದರೆ "ನಿಮ್ಮಮ್ಮ ಬದುಕಿದ್ದಾಳಲ್ಲ, ಹೇಗೆ ತೀರುತ್ತೆ" ಅನ್ನೋಳು. ಕನ್ನಡ ಪೂಜೆಗೇ ಹೋಗಬೇಕು ಅಂತ ಹಟ ಬೇರೆ, ಬೇರೆ ಹೊತ್ತಿಗೆ ಬಸ್ಸು ಸುಲಭವಾಗಿ ಸಿಕ್ಕರೂ ಕಾಯುತ್ತಿದ್ದಳು.

ಕಾರ್ಕಳದವಳು

ಗಲ್ಫ್ ಮಾಮ, ಸಿಕ್ಕಿತು! ಅಜ್ಜಿಯ ತಗಡಿನ ಪೆಟ್ಟಿಗೆಯಲ್ಲಿ, ಅವಳ ಇಗರ್ಜಿಯ ವೊಲ್ (ಹೊದೆಯುವ ಶಾಲು) ಮಡಚಿಟ್ಟದ್ದರ ಕೆಳಗೆ. ಅಜ್ಜನ ಅಕ್ಷರ ಕೋಳಿಕಾಲು. ಚೀಟಿಗಳ ಹಿಂದೆ ಅಜ್ಜಿ ಪೆನ್ಸಿಲಲ್ಲಿ ಲೆಕ್ಕ ಬರೆದಿದ್ದಾಳೆ. ಗೊಬ್ಬರ, ಎಣ್ಣೆ, ಸ್ಲೇಟು, "ಸತ್ತವರ ಪೂಜೆಗೆ 2 ರೂಪಾಯಿ". ಸತ್ತವರು ಅಂದರೆ ಅವಳ ಎರಡನೆಯ ಮಗು ಇರಬೇಕು.

ಅದೇ ಪೆಟ್ಟಿಗೆಯಲ್ಲಿ ಡಿಕ್ಲರೇಶನ್‌ನ ಕಾಗದಗಳು. ನಿಮ್ಮಲ್ಲಿ ಕರಾವಳಿಯವರಿಗೆ ಗೊತ್ತಿರುತ್ತದೆ. 1974ರ ಮಾರ್ಚ್ 1ಕ್ಕೆ ಹೊಸ ಭೂಸುಧಾರಣೆ ಕಾನೂನು ಬಂದು ಉಳುವವನೇ ಒಡೆಯ ಅಂತಾಯಿತಲ್ಲ. ಗೇಣಿದಾರರು ಏಳನೇ ನಂಬರ್ ಫಾರ್ಮ್ ಕೊಡಬೇಕಿತ್ತು. ಅಜ್ಜ ಬೊಂಬಾಯಿಯಲ್ಲಿ. ಒಡ್ತಿ ಅಂದರೆ ಜಮೀನಿನ ಯಜಮಾನಿ, ನಮ್ಮದೇ ಇಗರ್ಜಿಯವರು, ಮುಂದಿನ ಬೆಂಚಿನವರು. ಅಜ್ಜಿ ಓಡಾಡಿದ್ದು ತಾಲೂಕಾಫೀಸಿಗೆ, ಟ್ರಿಬ್ಯೂನಲ್‌ಗೆ, ಕಂಕುಳಲ್ಲಿ ಸಣ್ಣ ಅತ್ತೆಯನ್ನು ಇಟ್ಟುಕೊಂಡು. ಗೇಣಿ ಕೊಟ್ಟ ರಶೀದಿ ಒಂದೂ ಬಿಡದೆ ಇಟ್ಟಿದ್ದಳು. ಅದರಿಂದಲೇ ಕೇಸು ಗಟ್ಟಿಯಾಗಿ ನಿಂತದ್ದು. ವಾರದಲ್ಲಿ ಅಲ್ಲಿ ಎದುರಾಎದುರು, ಭಾನುವಾರ ಇಲ್ಲಿ ಒಂದೇ ಮಾಡಿನ ಕೆಳಗೆ. ಫಾದರ್ ರಾಜಿ ಮಾಡಿಕೊ, ಅರ್ಧ ಬಿಡು ಅಂದರಂತೆ. ಅಜ್ಜಿ ಬಟ್ಟೆ ಒಗೆಯುವುದನ್ನು ನಿಲ್ಲಿಸಲಿಲ್ಲ, ಅರ್ಧ ಬಿಡಲೂ ಇಲ್ಲ.

ನೇರಮಾತು

ಈಗ ಮಾತಾಡಿದಿರಿ! ಚಿಕ್ಕಪ್ಪನ ಪುಟದಲ್ಲಿ ಇದು ಇದೆಯಾ? ಇನ್ನೊಂದು ಪ್ರಶ್ನೆ. ಆಮೇಲೆ ಆರ್‌ಟಿಸಿ (ಪಹಣಿ) ಯಾರ ಹೆಸರಿಗೆ ಆಯಿತು?

ಕಾರ್ಕಳದವಳು

ಅಜ್ಜನ ಹೆಸರಿಗೆ. ಅಜ್ಜ ಹೋದ ಮೇಲೆ ಗಂಡುಮಕ್ಕಳ ಹೆಸರಿಗೆ.

ಚಿಕ್ಕಪ್ಪನ ಪುಟದಲ್ಲಿ ಇದ್ಯಾವುದೂ ಇಲ್ಲ. ಫೋನ್ ಮಾಡಿ ಕೇಳಿದೆ. "ಒಡ್ತಿಯ ಮೊಮ್ಮಕ್ಕಳು ಪೂಜೆಗೆ ಬರುತ್ತಾರೆ, ಹಳೇದು ಯಾಕೆ ಕೆದಕುವುದು" ಅಂದರು. ಆರ್‌ಟಿಸಿ ವಿಷಯ ಎತ್ತಿದಾಗ ಲೈನ್ ಸರಿ ಇಲ್ಲ ಅಂದರು.

ನೇರಮಾತು

ಲೈನ್ ಸರಿ ಇರಲಿಕ್ಕಿಲ್ಲ ಬಿಡಿ 😄

ನಿಟ್ಟೆಯವರು, ಬೆಟಗೇರಿಯವರು ಹೇಳಿದ್ದನ್ನು ಯೋಚಿಸಿದೆ. ಹೆಂಗಸರಿಗೆ ಮನೆಯಿಂದ ಹೊರಗೆ ಹೋಗಲು ಇಗರ್ಜಿ ಒಂದು ದಾರಿ ಆಯಿತು ಅನ್ನುವುದನ್ನು ಒಪ್ಪುತ್ತೇನೆ. ಬೆಳಗಿನ ಪೂಜೆಗೆ ಹೋಗುವ ಅರ್ಧ ಗಂಟೆ ನಮ್ಮ ಅಜ್ಜಿಗೂ ಅತ್ತೆಯ ಕಣ್ಣಿಂದ ತಪ್ಪಿಸಿಕೊಳ್ಳುವ ಹೊತ್ತಾಗಿತ್ತು. ಆದರೆ ನನ್ನ ತಕರಾರು ಹಾಗೇ ಇದೆ. ಅವಳು ಮಾಡಿದ ಕೆಲಸಕ್ಕೆ ಸಂಬಳವೂ ಇಲ್ಲ, ಜಾಗವೂ ಇಲ್ಲ, ಹೆಸರೂ ಇಲ್ಲ, ಸತ್ತ ಮೇಲೆ "ಸೌಮ್ಯ" ಅಂತ ಒಂದು ಪಟ್ಟ.

ಕಾರ್ಕಳದವಳು

ಇಷ್ಟು ಬರೆದಿದ್ದೇನೆ, ನೋಡಿ ಹೇಳಿ. ಕೊಂಕಣಿಯಲ್ಲಿ ಓದುತ್ತೇನೆ, ಇಲ್ಲಿ ಕನ್ನಡದಲ್ಲಿ ಹಾಕಿದ್ದೇನೆ.

"ನಮ್ಮ ಅಜ್ಜಿ ಈ ಆಲ್ತಾರಿನ ಬಟ್ಟೆಯನ್ನು ಒಗೆದವಳು. ಇಲ್ಲಿ ಕೂತಿರುವವರಲ್ಲಿ ಹನ್ನೊಂದು ಜನರಿಗೆ ಅವಳು ಮದ್ರಿನ್, ಫಾದರ್ ರಿಜಿಸ್ಟರ್ ತೋರಿಸಿದರು, ಅವರಲ್ಲಿ ಕೆಲವರಿಗೆ ಅದು ನೆನಪಿರಲಿಕ್ಕಿಲ್ಲ. ಅವಳು ಬೀಡಿ ಕಟ್ಟಿ ನಮ್ಮ ಅಪ್ಪನನ್ನು ಓದಿಸಿದಳು. ನಾವು ಈಗ ಉಳುವ ಗದ್ದೆ ಅವಳು ಒಬ್ಬಳೇ ಓಡಾಡಿ ಉಳಿಸಿದ ಗದ್ದೆ, ಆದರೆ ಅದರ ಕಾಗದದಲ್ಲಿ ಅವಳ ಹೆಸರು ಯಾವತ್ತೂ ಇರಲಿಲ್ಲ. ಅವಳಿಗೆ ಸಿಟ್ಟು ಬೇಗ ಬರುತ್ತಿತ್ತು. ಜಗಳ ಆಡಿದವರ ಮನೆಗೆ ಕುಸ್ವಾರ್ (ಕ್ರಿಸ್ಮಸ್ ತಿಂಡಿ) ಕಳಿಸುವಾಗ ಕಿಡಿಯೊ, ನೆವ್ರ್ಯೊ ಒಂದು ಹಿಡಿ ಜಾಸ್ತಿಯೇ ಹಾಕುತ್ತಿದ್ದಳು. ಅವಳ ಸಿಟ್ಟಿಗೆ ಸಿಕ್ಕವರು, ಅವಳ ತಿಂಡಿ ತಿಂದವರು, ಇಬ್ಬರೂ ಪೂಜೆ ಆದ ಮೇಲೆ ಕಾಫಿಗೆ ನಿಲ್ಲಬೇಕು."

ಒಡ್ತಿಯ ಹೆಸರು ಎತ್ತಿಲ್ಲ. ಗದ್ದೆಯ ಸಾಲು ಬಿಡುವುದಿಲ್ಲ.

ನಿಟ್ಟೆ ಕಡೆಯವ

ಬಿಡಬೇಡಿ. ಚಂದ ಇದೆ. ನಾನೂ ಬರುತ್ತೇನೆ, ಯಾವ ಇಗರ್ಜಿ ಅಂತ ಮೆಸೇಜ್ ಮಾಡಿ.

ಉಡುಪಿ ಹಾರ್ಮೋನಿಯಂ

ಹನ್ನೊಂದು! ನೋಡಿದಿರಾ, ರಿಜಿಸ್ಟರ್ ಕೆಲಸಕ್ಕೆ ಬಂತು. ಆ ಹನ್ನೊಂದು ಜನರಿಗೆ ಮೊದಲೇ ಫೋನ್ ಮಾಡಿ ಬರಲು ಹೇಳಿ.

ಗಲ್ಫ್ ಮಾಮ

ಮಗಳೇ, ಚಿಕ್ಕಪ್ಪನಿಗೆ ಈಗಲೇ ಕಳಿಸಬೇಡ. ಕಳಿಸಿದರೆ ಗ್ರೂಪಲ್ಲಿ ಎಲ್ಲರೂ ಒಂದೊಂದು ಸಾಲು ತೆಗೆಯುತ್ತಾರೆ, ಕೊನೆಗೆ ಉಳಿಯುವುದು "ಸೌಮ್ಯ" ಮಾತ್ರ. ಫಾದರಿಗೆ ಒಮ್ಮೆ ತೋರಿಸು. ಮೈಕ್ ಕೊಡುವುದು ಕಮ್ಯೂನಿಯನ್ (ಪ್ರಸಾದ) ಆದ ಮೇಲೆ, ಐದು ನಿಮಿಷದ ಒಳಗೆ ಮುಗಿಸು. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆ, ಫೋನಲ್ಲಿ ನೋಡಿ ಓದಿದರೆ ಗದ್ದೆಯ ಸಾಲು ಬರುವ ಹೊತ್ತಿಗೇ ಯಾರದಾದರೂ ಕಾಲ್ ಬರುತ್ತದೆ.